ಕುರ್ಚಿ ಕೊಟ್ಟಾಯಿತು, ಬ್ಯಾಟರಿ ಯಾರದು?

ತಿಪಟೂರು ತಾಲ್ಲೂಕಿನ ನೊಣವಿನಕೆರೆ ಹೋಬಳಿಯ ಯಾವ ಊರಲ್ಲಾದರೂ ತೋಟದ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿತು ಅಂದರೆ ಸಂಜೆಯೊಳಗೆ ಹತ್ತು ಜನ ಬೆಸ್ಕಾಂ ಕಚೇರಿ ಮುಂದೆ ನಿಂತಿರುತ್ತಾರೆ. ಎಂಜಿನಿಯರಿಗೊಂದು ಫೋನು, ಶಾಸಕರ ಆಪ್ತರಿಗೊಂದು ಫೋನು, ಸುಟ್ಟ ಟಿಸಿಯನ್ನು ಹೇರಿಕೊಂಡು ಹೋಗಲು ಟ್ರ್ಯಾಕ್ಟರಿನ ಏರ್ಪಾಡು. ಕೆಟ್ಟ ಟಿಸಿಯನ್ನು 24 ಗಂಟೆಯೊಳಗೆ ಬದಲಿಸುತ್ತೇವೆಂದು ಸರ್ಕಾರವೂ ಮಾತು ಕೊಟ್ಟಿದೆ, ಅದಕ್ಕೆಂದೇ ಟ್ರಾನ್ಸ್‌ಫಾರ್ಮರ್ ಬ್ಯಾಂಕುಗಳಿವೆ. ಮಾತು ಎಲ್ಲ ಕಡೆ ನಡೆಯುತ್ತದೆಂದಲ್ಲ, ಆದರೆ ಕೇಳುವುದಕ್ಕೆ ಒಂದು ಬಾಗಿಲಿದೆ. ಅದೇ ಊರಿನ ಒಂದು ಮನೆಯಲ್ಲಿ ವಿದ್ಯುತ್ ಗಾಲಿಕುರ್ಚಿಯ ಬ್ಯಾಟರಿ ಕೂತುಹೋದರೆ ಹೋಗಿ ತಟ್ಟುವ ಬಾಗಿಲು ಯಾವುದೆಂದು ಯಾರಿಗೂ ಗೊತ್ತಿಲ್ಲ. ಹೋಗಿ ಕೇಳಬೇಕಾದವರಿಗೆ ಹೋಗುವ ಸಾಧನವೇ ಕೆಟ್ಟಿರುತ್ತದೆ. ಶಾಮಿಯಾನದ ಕೆಳಗೆ ಹಾರ ಹಾಕಿ, ಕೀಲಿ ಕೊಟ್ಟು, ಫೋಟೊ ತೆಗೆಸಿಕೊಂಡ ದಿನ ಸರ್ಕಾರ ಕೊಟ್ಟದ್ದು ಕುರ್ಚಿಯೆಂದು ಎಲ್ಲರೂ ನಂಬಿದ್ದೇವೆ. ನಿಜವಾಗಿ ಕೊಟ್ಟದ್ದು ಎರಡು ಬ್ಯಾಟರಿಗಳ ಆಯುಸ್ಸನ್ನು. ಅದು ಒಂದೂವರೆ ಎರಡು ವರ್ಷದಲ್ಲಿ ಮುಗಿಯುತ್ತದೆ. ಕುರ್ಚಿ ಹಂಚುವುದು ಸರ್ಕಾರದ ಹೊಣೆಯಾದರೆ ಅದರ ಬ್ಯಾಟರಿಯ ನಿಗಾ ಮತ್ತು ಬದಲಾವಣೆಯೂ ಅದೇ ಹೊಣೆಯ ಭಾಗವಾಗಬೇಕು, ಮತ್ತು ಆ ಕೆಲಸ ತಾಲ್ಲೂಕು ಮಟ್ಟದಲ್ಲೇ ಆಗಬೇಕು ಎಂಬುದು ಈ ಲೇಖನದ ವಾದ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಈ ಮಾತಿಗೆ ಬೇರೆ ಕಡೆಗಿಂತ ತೂಕ ಹೆಚ್ಚು. ಇಲ್ಲಿಯ ಎತ್ತರದ ತಳಿಯ ಮರಗಳು ಅರವತ್ತು ಎಪ್ಪತ್ತು ಅಡಿಗೆ ಹೋಗುತ್ತವೆ. ಮರ ಹತ್ತಿ ಕಾಯಿ ಕೀಳುವವರು ಜಾರಿ ಬಿದ್ದರೆ ಸಾಮಾನ್ಯವಾಗಿ ಪೆಟ್ಟು ಬೀಳುವುದು ಬೆನ್ನುಮೂಳೆಗೆ. ಮೂಳೆಯೊಳಗಿನ ನರಹುರಿ ತುಂಡಾದರೆ ಸೊಂಟದ ಕೆಳಗಿನ ಬಲ ಮತ್ತೆ ಬರುವುದಿಲ್ಲ, ಕತ್ತಿನ ಮಟ್ಟದಲ್ಲಿ ಪೆಟ್ಟಾದರೆ ಕೈಯ ಬಲವೂ ಹೋಗುತ್ತದೆ. ಅಂಥವರಿಗೆ ಕೈಯಿಂದ ತಳ್ಳುವ ಗಾಲಿಕುರ್ಚಿ ಇದ್ದರೂ ಪ್ರಯೋಜನವಿಲ್ಲ, ಬೆರಳ ತುದಿಯಿಂದ ಜಾಯ್‌ಸ್ಟಿಕ್ ಒತ್ತಿದರೆ ಓಡುವ ಕುರ್ಚಿಯೇ ಬೇಕು. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಮರ ಹತ್ತುವವರಿಗೆಂದೇ ಇದೆ. ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಅದು ಒಮ್ಮೆ ಹಣ ಕೊಡುತ್ತದೆ, ಆಸ್ಪತ್ರೆಯ ಸಾಲ ತೀರುವಷ್ಟರಲ್ಲಿ ಆ ಹಣವೂ ತೀರಿರುತ್ತದೆ. ಬಿದ್ದವರ ಜೊತೆಗೆ ಪೋಲಿಯೊ ತಲೆಮಾರಿನವರಿದ್ದಾರೆ, ಲಕ್ವ ಹೊಡೆದವರಿದ್ದಾರೆ, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಿದ್ದಾರೆ. ಇವರೆಲ್ಲರ ಪಾಲಿಗೆ ಮನೆಯ ಹಜಾರದಿಂದ ಹಾಲಿನ ಡೇರಿವರೆಗಿನ, ನ್ಯಾಯಬೆಲೆ ಅಂಗಡಿವರೆಗಿನ ದೂರವನ್ನು ಅಳೆಯುವುದು ಕಿಲೋಮೀಟರಲ್ಲ, ಬ್ಯಾಟರಿಯ ಗೆರೆಗಳು.

ಬ್ಯಾಟರಿಯ ವಿಷಯವನ್ನು ಸ್ವಲ್ಪ ಒಳಗಿಳಿದು ನೋಡಬೇಕು, ಯಾಕೆಂದರೆ ವಾದ ನಿಂತಿರುವುದೇ ಅದರ ಮೇಲೆ. ಸಾಮಾನ್ಯ ವಿದ್ಯುತ್ ಗಾಲಿಕುರ್ಚಿಯ ಸೀಟಿನ ಕೆಳಗೆ ತಲಾ 12 ವೋಲ್ಟಿನ ಎರಡು ಸೀಲ್ಡ್ ಸೀಸದ ಬ್ಯಾಟರಿಗಳು ಒಂದರ ಬಾಲಕ್ಕೆ ಇನ್ನೊಂದರಂತೆ ಸರಣಿಯಲ್ಲಿ ಕೂತಿರುತ್ತವೆ. ಒಟ್ಟು 24 ವೋಲ್ಟ್. 35 ಆಂಪಿಯರ್ ಅವರ್‌ನ ಜೋಡಿಯಾದರೆ ಎರಡೂ ಸೇರಿ ಇಪ್ಪತ್ತು ಕಿಲೋಗೂ ಹೆಚ್ಚು ತೂಕ. ಇವು ಬೈಕು ಕಾರುಗಳ ಬ್ಯಾಟರಿಯ ಜಾತಿಯಲ್ಲ. ಕಾರಿನ ಬ್ಯಾಟರಿ ಎಂಜಿನ್ ಎಬ್ಬಿಸಲು ಮೂರು ಸೆಕೆಂಡ್ ಜೋರಾಗಿ ದುಡಿದು ಆಮೇಲೆ ಆಲ್ಟರ್ನೇಟರಿನ ಆಸರೆಯಲ್ಲಿ ಇರುತ್ತದೆ. ಕುರ್ಚಿಯ ಬ್ಯಾಟರಿ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾ ಆಳಕ್ಕೆ ಖಾಲಿಯಾಗುತ್ತದೆ. ಖಾಲಿಯಾಗುವಾಗ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಹರಳು ಕೂರುತ್ತದೆ, ಬೇಗ ಚಾರ್ಜ್ ಮಾಡಿದರೆ ಕರಗುತ್ತದೆ. ಹಾಗೆಯೇ ಬಿಟ್ಟರೆ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ಒಳಗೆ ಕಟ್ಟುವ ಬಿಳಿ ಕರೆಯ ಹಾಗೆ ಗಟ್ಟಿಯಾಗಿ, ಆಮೇಲೆ ಯಾವ ಚಾರ್ಜರಿಗೂ ಬಗ್ಗುವುದಿಲ್ಲ. ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಕಾದು ಉಂಡೆ ಕೊಬ್ಬರಿ ಮಾಡುವ ಜನಕ್ಕೆ ಈ ಸ್ವಭಾವ ವಿಚಿತ್ರವಾಗಿ ಕಾಣಬಹುದು. ಅಟ್ಟದ ಮೇಲೆ ಸುಮ್ಮನಿದ್ದಷ್ಟೂ ಕಾಯಿ ಪಕ್ವವಾಗುತ್ತದೆ, ಮೂಲೆಯಲ್ಲಿ ಸುಮ್ಮನಿದ್ದಷ್ಟೂ ಬ್ಯಾಟರಿ ಸಾಯುತ್ತದೆ. ಕುರ್ಚಿಯವರು ತಿಂಗಳೆರಡು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದು ನೋಡಿದರೆ, ಒಂದು ಅಡಿಯೂ ಓಡದ ಕುರ್ಚಿಯ ಬ್ಯಾಟರಿ ಮುಗಿದಿರಬಹುದು. ಬಿಸಿಯೂ ಶತ್ರುವೇ: 25 ಡಿಗ್ರಿಯಿಂದ ಮೇಲಕ್ಕೆ ಪ್ರತಿ 10 ಡಿಗ್ರಿಗೆ ಸೀಸದ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಏಪ್ರಿಲ್ ತಿಂಗಳ ಶೀಟಿನ ಮನೆಯೊಳಗೆ ಅದರ ಪಾಡೇನು ಎಂದು ಬೇರೆ ಹೇಳಬೇಕಿಲ್ಲ.

ಕುರ್ಚಿಯ ಜೊತೆ ಬರುವ ಪುಸ್ತಿಕೆಯಲ್ಲಿ ಇದಕ್ಕೆಲ್ಲ ಒಂದೇ ಸಾಲಿನ ಪರಿಹಾರವಿರುತ್ತದೆ: ಪ್ರತಿ ರಾತ್ರಿ ಪೂರ್ತಿ ಚಾರ್ಜ್ ಮಾಡಿ. ಸಲಹೆ ಸರಿಯಾದದ್ದೇ, ಆದರೆ ಅದನ್ನು ಬರೆದವರು ತೋಟದ ಮನೆಯ ಕರೆಂಟನ್ನು ಕಂಡವರಲ್ಲ. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಊರೊಳಗಿನ ಮನೆಗಳಿಗೆ ಬೇರೆ ಫೀಡರ್ ಆಯಿತು. ತೋಟದಲ್ಲೇ ಮನೆ ಮಾಡಿಕೊಂಡವರು ಮಾತ್ರ ಪಂಪ್‌ಸೆಟ್ ಫೀಡರಿನ ಮೇಲೇ ಉಳಿದರು. ಹಗಲೋ ರಾತ್ರಿಯೋ ಪಾಳಿಯ ಪ್ರಕಾರ ಏಳು ಗಂಟೆ ತ್ರೀ ಫೇಸ್, ಉಳಿದಂತೆ ಇರುಳಿಗೆ ಸಿಂಗಲ್ ಫೇಸ್. ಆ ಸಿಂಗಲ್ ಫೇಸಿನಲ್ಲೂ ಯಾರೋ ಕನ್ವರ್ಟರ್ ಹಾಕಿ ಮೋಟಾರ್ ಓಡಿಸಿದರೆ ಬಲ್ಬು ಕೆಂಪಗಾಗುತ್ತದೆ, ವೋಲ್ಟೇಜ್ ಬಿದ್ದಾಗ ಚಾರ್ಜರ್ ತಾನಾಗಿ ಕೈಕಟ್ಟಿ ಕೂರುತ್ತದೆ. ಸೀಸದ ಬ್ಯಾಟರಿ ತುಂಬುವ ಬಗೆಯೇ ಹೀಗೆ: ಐದು ಪಾಲಿನಲ್ಲಿ ಮೊದಲ ನಾಲ್ಕು ನಾಲ್ಕೈದು ಗಂಟೆಯಲ್ಲಿ ತುಂಬುತ್ತವೆ, ಕೊನೆಯ ಒಂದು ಪಾಲಿಗೆ ಮತ್ತೆ ಅಷ್ಟೇ ಹೊತ್ತು ಬೇಕು. ಕರೆಂಟು ಬಂದು ಹೋಗಿ ಮಾಡುವ ಮನೆಯಲ್ಲಿ ಪ್ರತಿ ರಾತ್ರಿ ತಪ್ಪಿಹೋಗುವುದು ಆ ಕೊನೆಯ ಪಾಲೇ. ಬೆಳಿಗ್ಗೆ ಕುರ್ಚಿ ಓಡುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಒಳಗೆ ಮಾತ್ರ ಕರೆ ಕಟ್ಟುತ್ತಲೇ ಇರುತ್ತದೆ. ಆರು ತಿಂಗಳ ನಂತರ ಡೇರಿಗೆ ಹೋದವರು ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ. ಆಗ ಕೇಳಿಬರುವ ಮಾತು, ‘ಸರಿಯಾಗಿ ಇಟ್ಟುಕೊಳ್ಳಲಿಲ್ಲ’ ಎಂಬುದು. ಹಣದ ದೃಷ್ಟಿಯಿಂದ ನೋಡಿದರೆ ಇದು ಇನ್ನೂ ವಿಪರ್ಯಾಸ. 24 ವೋಲ್ಟ್, 35 ಆಂಪಿಯರ್ ಅವರ್‌ನ ಜೋಡಿಯನ್ನು ಬುಡದಿಂದ ತುಂಬಿಸಲು ಹೆಚ್ಚೆಂದರೆ ಒಂದೂಕಾಲು ಯೂನಿಟ್ ಸಾಕು, ಗೃಹಜ್ಯೋತಿಯ ಉಚಿತ ವಿದ್ಯುತ್ತಿನ ಲೆಕ್ಕದಲ್ಲಿ ಅದು ಗಣನೆಗೇ ಬಾರದು. ಕೊರತೆ ಯೂನಿಟ್ಟಿನದಲ್ಲ, ಎಡೆಬಿಡದ ಎಂಟು ಹತ್ತು ಗಂಟೆಯದು. ಪಂಚಾಯಿತಿಯ ಅರಿವು ಕೇಂದ್ರದಲ್ಲೋ ಶಾಲೆಯಲ್ಲೋ, ಊರೊಳಗಿನ ಫೀಡರಿನ ಮೇಲೆ, ಕುರ್ಚಿ ಒಳಹೋಗುವಂಥ ಇಳಿಜಾರಿನ ಪಕ್ಕ ಒಂದು ಪ್ಲಗ್ ಪಾಯಿಂಟ್ ಇದ್ದರೆ ವಾರಕ್ಕೊಮ್ಮೆಯಾದರೂ ಬ್ಯಾಟರಿ ಪೂರ್ತಿ ತುಂಬೀತು.

ಕೆಟ್ಟ ಕುರ್ಚಿಯ ಮುಂದೆ ನಿಂತವರಿಗೆ ಕಾಣುವುದೇನು ಎಂಬುದನ್ನೂ ನೋಡೋಣ. ಕುರ್ಚಿ ಸಮದಲ್ಲಿ ಓಡುತ್ತದೆ, ದಿಬ್ಬ ಏರುವಾಗ ಜಾಯ್‌ಸ್ಟಿಕ್ಕಿನ ದೀಪಗಳು ಹಸಿರಿನಿಂದ ಸೀದಾ ಕೆಂಪಿಗೆ ಬಿದ್ದು ಮಿಟುಕುತ್ತವೆ. ನಿಂತ ಮೇಲೆ ಐದು ನಿಮಿಷ ಬಿಟ್ಟು ನೋಡಿದರೆ ಮತ್ತೆ ಹಸಿರು. ಮೀಟರ್ ಹಿಡಿದರೆ 25 ವೋಲ್ಟಿಗೂ ಮೇಲೆ ತೋರಿಸುತ್ತದೆ, ಬ್ಯಾಟರಿ ಚೆನ್ನಾಗಿಯೇ ಇದೆ ಎನ್ನಿಸುತ್ತದೆ. ಆದರೆ ಮೀಟರಿನ ಕಡ್ಡಿಗಳನ್ನು ಒಂದೊಂದೇ ಬ್ಯಾಟರಿಗೆ ಹಿಡಿದು, ಇನ್ನೊಬ್ಬರಿಂದ ಕುರ್ಚಿಯನ್ನು ದಿಬ್ಬದ ಮೇಲೆ ಓಡಿಸಿದಾಗ ಗುಟ್ಟು ಬಯಲಾಗುತ್ತದೆ: ಒಂದು 12ರ ಹತ್ತಿರ ನಿಂತಿದೆ, ಇನ್ನೊಂದು 10ಕ್ಕೆ ಕುಸಿದಿದೆ. ಪೂರ್ತಿ ತುಂಬಿ ಕೆಲವು ಗಂಟೆ ವಿಶ್ರಾಂತಿ ಪಡೆದ ಆರೋಗ್ಯವಂತ ಬ್ಯಾಟರಿ 12.7, 12.8 ತೋರಿಸಬೇಕು, 12ಕ್ಕಿಂತ ಕೆಳಗೆ ಹೋದರೆ ಖಾಲಿ ಎಂದೇ ಅರ್ಥ. ಆದರೆ ಕೂತಲ್ಲಿ ತೋರಿಸುವ ವೋಲ್ಟಿಗಿಂತ ಭಾರ ಹೊತ್ತಾಗ ತೋರಿಸುವ ವೋಲ್ಟೇ ನಂಬಿಕೆಗೆ ಅರ್ಹ. ಇನ್ನೊಂದು ಲಕ್ಷಣ ಚಾರ್ಜರಿನದು. ಚಾರ್ಜಿಗೆ ಹಾಕಿದ ಹತ್ತೇ ನಿಮಿಷಕ್ಕೆ ಹಸಿರು ದೀಪ ಬಂದರೆ ಮನೆಯವರು ಖುಷಿಪಡುತ್ತಾರೆ, ಬೇಗ ತುಂಬಿತೆಂದು. ಹಿಂದಿನ ದಿನ ಚೆನ್ನಾಗಿ ಓಡಿಸಿದ್ದರೂ ಹಾಗಾದರೆ ಬ್ಯಾಟರಿ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುತ್ತಿಲ್ಲ ಎಂದೋ, ಸೀಟಿನ ಕೆಳಗಿನ ಬ್ರೇಕರ್ ಬಿದ್ದಿದೆಯೆಂದೋ, ಕನೆಕ್ಟರ್ ಸಡಿಲಾಗಿದೆಯೆಂದೋ ಅರ್ಥ. ಟರ್ಮಿನಲ್ಲಿನ ಮೇಲೆ ಹಸಿರು-ಬಿಳಿ ಪುಡಿ ಕಟ್ಟಿ ಕರೆಂಟು ತಡೆದದ್ದಷ್ಟೇ ಕಾರಣವಾಗಿ, ಕುರ್ಚಿ ತಿಂಗಳುಗಟ್ಟಲೆ ಮೂಲೆ ಸೇರುವುದೂ ಉಂಟು. ಅಂಥ ದೋಷಕ್ಕೆ ಬೇಕಾಗುವುದು ಒಂದು ಸ್ಪ್ಯಾನರ್, ಒಂದು ಹಳೇ ಹಲ್ಲುಜ್ಜುವ ಬ್ರಷ್ಷು. ಇನ್ನು, ಬ್ಯಾಟರಿ ಸತ್ತ ಕುರ್ಚಿಯನ್ನು ನಾಲ್ಕು ಜನ ತಳ್ಳಿದರೂ ಕದಲುವುದಿಲ್ಲ, ಯಾಕೆಂದರೆ ಕರೆಂಟು ಇಲ್ಲದಾಗ ಮೋಟಾರಿನ ಬ್ರೇಕು ತಾನಾಗಿ ಕಚ್ಚಿಕೊಳ್ಳುತ್ತದೆ. ಗಾಲಿಯ ಬಳಿಯ ಲಿವರ್ ಎತ್ತಿದರೆ ಬ್ರೇಕು ಬಿಡುತ್ತದೆ. ಆ ಲಿವರ್ ಎಲ್ಲಿದೆಯೆಂದು ಮನೆಯವರಿಗೆ ತೋರಿಸಿಕೊಡುವುದು ಹಾರ ಹಾಕುವುದಕ್ಕಿಂತ ಮುಖ್ಯವಾದ ಕೆಲಸ.

ಇದನ್ನೆಲ್ಲ ಮಾಡುವವರು ಬೆಂಗಳೂರಿನಲ್ಲೇ ಇರಬೇಕೆ? ಮೋಟಾರ್ ರಿವೈಂಡಿಂಗ್, ಸ್ಟಾರ್ಟರ್ ರಿಪೇರಿ, ಇನ್ವರ್ಟರ್, ಆಟೊ ಎಲೆಕ್ಟ್ರಿಕಲ್ ಕೆಲಸ ಬಲ್ಲವರು ತಿಪಟೂರು ಪೇಟೆಯಲ್ಲಿ ಬೇಕಾದಷ್ಟಿದ್ದಾರೆ. ಪಂಪ್‌ಸೆಟ್ ನಂಬಿದ ಸೀಮೆಯಲ್ಲಿ ಕರೆಂಟಿನ ಕೈಗುಣ ಬೆಳೆದೇ ಬೆಳೆಯುತ್ತದೆ. ಅವರಿಗೆ ಇಲ್ಲದಿರುವುದು ಈ ಒಂದು ಯಂತ್ರದ ಪರಿಚಯ ಮಾತ್ರ. ಪರಿಚಯವಿಲ್ಲದ ಕೈ ಮಾಡುವ ತಪ್ಪುಗಳು ಎಣಿಸಿದಷ್ಟೇ ಇವೆ, ಎಲ್ಲವೂ ದುಬಾರಿ. ಕಾರಿನ ಬ್ಯಾಟರಿಗೆ ಹಾಕುವ ದೊಡ್ಡ ಚಾರ್ಜರಿನಿಂದ ಬೂಸ್ಟ್ ಮಾಡಿದರೆ ಸೀಲ್ಡ್ ಬ್ಯಾಟರಿ ಒಳಗೊಳಗೇ ಅನಿಲವಾಗಿ ಒಣಗುತ್ತದೆ, ಡಿಸ್ಟಿಲ್ಡ್ ವಾಟರ್ ಹಾಕಿ ಉಳಿಸೋಣವೆಂದರೆ ಮುಚ್ಚಳವೇ ಇಲ್ಲ. ‘ಒಂದು ಚೆನ್ನಾಗಿದೆ, ಇನ್ನೊಂದನ್ನು ಮಾತ್ರ ಬದಲಿಸಿದರೆ ಸಾಕು’ ಎಂಬ ಉಳಿತಾಯದ ಸಲಹೆಯಂತೂ ಒಳ್ಳೆಯ ಮನಸ್ಸಿನಿಂದ ಬಂದದ್ದಾದರೂ ಕೆಟ್ಟದ್ದು: ಹಳೆಯದರ ಜೊತೆ ನೊಗಕ್ಕೆ ಕಟ್ಟಿದ ಹೊಸ ಬ್ಯಾಟರಿ ಹಳೆಯದರ ವೇಗದಲ್ಲೇ ಮುಪ್ಪಾಗುತ್ತದೆ. ಬದಲಿಸುವುದಾದರೆ ಜೋಡಿಯನ್ನೇ, ಒಂದೇ ಕಂಪನಿಯ ಒಂದೇ ಅಳತೆಯದನ್ನೇ ಬದಲಿಸಬೇಕು. ಇಷ್ಟನ್ನು ಎರಡು ದಿನದ ತರಬೇತಿಯಲ್ಲಿ ಕಲಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೈಯಿಂದ ತಳ್ಳುವ ಗಾಲಿಕುರ್ಚಿಗಳ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲೇ ಕುರ್ಚಿ ಒದಗಿಸುವುದಕ್ಕೆ ಎಂಟು ಹಂತಗಳನ್ನು ಹೇಳಿ, ನಿರ್ವಹಣೆ, ದುರಸ್ತಿ ಮತ್ತು ಆಮೇಲಿನ ವಿಚಾರಣೆಯನ್ನು ಎಂಟನೆಯದಾಗಿ ಇಟ್ಟಿತ್ತು. ನಮ್ಮಲ್ಲಿ ಆರನೆಯದೋ ಏಳನೆಯದೋ ಮುಗಿಯುವ ಮೊದಲೇ ಕ್ಯಾಮೆರಾ ಹೊರಟುಹೋಗಿರುತ್ತದೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಬ್ಯಾಟರಿ ಜೋಡಿಗೆ ಹತ್ತು ಸಾವಿರದ ಆಸುಪಾಸು ಎಂದಿಟ್ಟುಕೊಳ್ಳಿ. ಶೇ 75ಕ್ಕಿಂತ ಹೆಚ್ಚು ಅಂಗವೈಕಲ್ಯವಿರುವವರಿಗೆ ರಾಜ್ಯ ಕೊಡುತ್ತಿರುವ ಮಾಸಾಶನ 1,400 ರೂಪಾಯಿ. ಉಪವಾಸವಿದ್ದು ಏಳು ತಿಂಗಳ ಮಾಸಾಶನ ಕೂಡಿಟ್ಟರೆ ಒಂದು ಜೋಡಿ. ಕೇಂದ್ರದ ಅಡಿಪ್ ಯೋಜನೆ 1981ರಿಂದಲೂ ಸಾಧನ ಸಲಕರಣೆ ಕೊಡುತ್ತಾ ಬಂದಿದೆ. ಅದರ 2014ರ ಪರಿಷ್ಕೃತ ನಿಯಮ ಮೋಟಾರು ತ್ರಿಚಕ್ರಿ ಮತ್ತು ಗಾಲಿಕುರ್ಚಿಗೆ 25,000 ರೂಪಾಯಿ ನೆರವನ್ನು 16 ವರ್ಷ ಮೇಲ್ಪಟ್ಟವರಿಗೆ ಹತ್ತು ವರ್ಷಕ್ಕೊಮ್ಮೆ ಎಂದು ಗೊತ್ತುಮಾಡಿತು. ಅವಧಿಯನ್ನು ಐದು ವರ್ಷಕ್ಕಿಳಿಸಿದರೂ ಎರಡು ವರ್ಷದ ಬ್ಯಾಟರಿಯ ಜೊತೆ ಅದರ ತಾಳ ಕೂಡುವುದಿಲ್ಲ, ಮಧ್ಯದ ವರ್ಷಗಳಲ್ಲಿ ಸರ್ಕಾರದ ಕಡತದಲ್ಲಿ ಆ ವ್ಯಕ್ತಿ ‘ಸೌಲಭ್ಯ ಪಡೆದವರು’, ಮನೆಯಲ್ಲಿ ಕೂತವರು. ತೆರಿಗೆಯ ಕತೆ ಇನ್ನೂ ಸ್ವಾರಸ್ಯ. ಗಾಲಿಕುರ್ಚಿಗೆ ಜಿಎಸ್‌ಟಿ ಶೇ 5. ಅದೇ ಕುರ್ಚಿಗೆ ಅಂಗಡಿಯಿಂದ ತಂದು ಹಾಕುವ ಸೀಸದ ಬ್ಯಾಟರಿಗೆ 2025ರ ಸೆಪ್ಟೆಂಬರ್‌ವರೆಗೆ ಶೇ 28 ಇತ್ತು, ಈಗ ಶೇ 18. ಕೊಡುವಾಗ ಅಂಗವಿಕಲರ ಸಾಧನ, ಕೆಟ್ಟಾಗ ಅದು ಎಲ್ಲರ ಬ್ಯಾಟರಿಯಂತೆ ಬರೀ ಬ್ಯಾಟರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಓಡಾಟವನ್ನು ದಯೆಯ ಪಟ್ಟಿಯಿಂದ ಹಕ್ಕಿನ ಪಟ್ಟಿಗೆ ತಂದಿದೆಯೆಂದು ಭಾಷಣಗಳಲ್ಲಿ ಕೇಳುತ್ತೇವೆ, ತೆರಿಗೆಯ ಪಟ್ಟಿಗೆ ಆ ಸುದ್ದಿ ತಲುಪಿಲ್ಲ.

ಎದುರು ವಾದಗಳಿವೆ. ಪುಕ್ಕಟೆ ಬಂದದ್ದಕ್ಕೆ ಬೆಲೆಯಿಲ್ಲ, ಜನರೇ ಹಾಳುಮಾಡಿಕೊಳ್ಳುತ್ತಾರೆ ಎಂಬುದು ಮೊದಲನೆಯದು. ಹಾಗೆ ಮಾಡುವವರೂ ಇದ್ದಾರು. ಆದರೆ ದಿನಾ ಬೆಳಿಗ್ಗೆ ಆ ಕುರ್ಚಿ ಇಲ್ಲದೆ ಬಚ್ಚಲಿಗೂ ಹೋಗಲಾಗದವರು ಅದನ್ನು ಬೇಕೆಂದೇ ಕೆಡಿಸಿಕೊಳ್ಳುತ್ತಾರೆನ್ನುವುದು ನಂಬುವ ಮಾತಲ್ಲ. ಚಾರ್ಜಿನ ಕ್ರಮವನ್ನು ಕನ್ನಡದಲ್ಲಿ, ಮನೆಯಲ್ಲಿ ಪ್ಲಗ್ ಹಾಕುವ ಹೆಂಗಸರ ಎದುರು, ಒಮ್ಮೆ ಮಾಡಿ ತೋರಿಸದೆ ನಿರ್ಲಕ್ಷ್ಯದ ಆರೋಪ ಹೊರಿಸುವುದು ಸುಲಭ. ಎರಡನೆಯದು, ಪಕ್ಕದ ಚಕ್ರದ ಪೆಟ್ರೋಲ್ ಸ್ಕೂಟರನ್ನು ರಾಜ್ಯ ಸರ್ಕಾರ ಕೊಡುತ್ತಿರುವಾಗ ಈ ಬ್ಯಾಟರಿಯ ತಲೆನೋವೇಕೆ ಎಂಬುದು. ಸ್ಕೂಟರ್ ಏರಲು ಇಳಿಯಲು ತೋಳಿನ ಬಲ ಬೇಕು, ಕೂತು ಹಿಡಿಕೆ ಹಿಡಿಯಲು ಬೆನ್ನಿನ ಬಲ ಬೇಕು. ಅದು ಇರುವವರಿಗೆ ಸ್ಕೂಟರ್ ನಿಜವಾಗಿಯೂ ಒಳ್ಳೆಯದು, ಇಲ್ಲದವರ ಬಗ್ಗೆಯೇ ನಾವಿಲ್ಲಿ ಮಾತಾಡುತ್ತಿರುವುದು. ಸ್ಕೂಟರ್ ಅಡುಗೆಮನೆಯವರೆಗೆ ಹೋಗುವುದೂ ಇಲ್ಲ.

ಮೂರನೆಯ ವಾದಕ್ಕೆ ಹೆಚ್ಚು ಬಲವಿದೆ. ಲಿಥಿಯಂ ಬಂದಿದೆಯಲ್ಲ, ಇನ್ನು ಸೀಸದ ಗೊಡವೆ ಏಕೆ? ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾವಿರಾರು ಬಾರಿ ಖಾಲಿಯಾಗಿ ತುಂಬುತ್ತದೆ, ಸೀಸದ್ದು ಕೆಲವೇ ನೂರು ಬಾರಿ. ತೂಕ ಅರ್ಧಕ್ಕೂ ಕಡಿಮೆ. ಅರ್ಧ ತುಂಬಿ ಬಿಟ್ಟರೂ ಸೀಸದ ಹಾಗೆ ಕರೆ ಕಟ್ಟುವುದಿಲ್ಲ, ಆದ್ದರಿಂದ ತೋಟದ ಮನೆಯ ಕರೆಂಟಿಗೆ ಇದೇ ಹೊಂದುತ್ತದೆ. ಹೊಸ ಖರೀದಿಗಳೆಲ್ಲ ಆ ಕಡೆ ಹೋಗಲೆಂದೇ ನಾನೂ ಹೇಳುತ್ತೇನೆ. ಆದರೆ ಈಗಾಗಲೇ ಮನೆಗಳಲ್ಲಿರುವ ಕುರ್ಚಿಗಳು ಸೀಸದವು, ಅವುಗಳ ಚಾರ್ಜರೂ ಸೀಸಕ್ಕೆ ತಕ್ಕದ್ದು. ಚಾರ್ಜರ್ ಬದಲಿಸದೆ ಲಿಥಿಯಂ ತಂದು ತುರುಕಿದರೆ ಹೊಸ ತೊಂದರೆ ಕೊಂಡುಕೊಂಡಂತೆ. ಲಿಥಿಯಂ ಬ್ಯಾಟರಿಯ ಒಳಗಿನ ರಕ್ಷಣಾ ಸರ್ಕಿಟ್ ಮಿತಿ ದಾಟಿದೊಡನೆ ಸೂಚನೆಯಿಲ್ಲದೆ ಕಡಿದುಬಿಡುತ್ತದೆ. ಸೀಸದ ಬ್ಯಾಟರಿ ಸಾಯುವ ಮುನ್ನ ನಿಧಾನವಾಗಿ ಏದುಸಿರು ಬಿಟ್ಟು ಹೇಳಿಯಾದರೂ ಸಾಯುತ್ತದೆ. ಮೀಟರಿನ ವೋಲ್ಟು ನೋಡಿ ಲಿಥಿಯಂನಲ್ಲಿ ಎಷ್ಟು ಉಳಿದಿದೆಯೆಂದು ಹೇಳುವುದೂ ಕಷ್ಟ, ಮುಗಿಯುವ ಹೊತ್ತಿನವರೆಗೂ ಅದು ಒಂದೇ ಸಮ ನಿಂತಿರುತ್ತದೆ. ಎಂದರೆ ಲಿಥಿಯಂ ಬಂದರೆ ಮೆಕ್ಯಾನಿಕ್ ಬೇಡವೆಂದಲ್ಲ, ಇನ್ನೂ ತಿಳಿದ ಮೆಕ್ಯಾನಿಕ್ ಬೇಕು.

ಆದ್ದರಿಂದ ಬೇಕಾಗಿರುವುದು ಟಿಸಿ ಬ್ಯಾಂಕಿನಂಥದ್ದೇ ಒಂದು ಬ್ಯಾಟರಿ ಬ್ಯಾಂಕು, ತಾಲ್ಲೂಕಿಗೊಂದು. ಹೊಸ ಕಟ್ಟಡ, ಹೊಸ ಇಲಾಖೆ ಯಾವುದೂ ಬೇಡ. ಪ್ರತಿ ಪಂಚಾಯಿತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಬ್ಬರು (ವಿಆರ್‌ಡಬ್ಲ್ಯು), ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೊಬ್ಬರು ಎಂಬ ವ್ಯವಸ್ಥೆ ಕರ್ನಾಟಕದಲ್ಲಿದೆ. ಯಾವ ಮನೆಯಲ್ಲಿ ಯಾವ ಕುರ್ಚಿ ಇದೆಯೆಂದು ವಿಆರ್‌ಡಬ್ಲ್ಯುಗಳಿಗೆ ಗೊತ್ತಿರುತ್ತದೆ. ತಾವೂ ಅಂಗವಿಕಲರಾದ ಅವರಲ್ಲಿ ಕೆಲವರಿಗೆ ಬ್ಯಾಟರಿಯ ಸಂಕಟ ಸ್ವಂತದ್ದೇ. ಅವರ ಕೈಗೆ ಐದಾರು ನೂರರ ಮಲ್ಟಿಮೀಟರ್ ಕೊಟ್ಟು, ಮೂರು ತಿಂಗಳಿಗೊಮ್ಮೆ ಎರಡೂ ಬ್ಯಾಟರಿಯ ವೋಲ್ಟನ್ನು ಬೇರೆಬೇರೆಯಾಗಿ ಬರೆದಿಡಲು ಹೇಳಿದರೆ ಕುಸಿಯುತ್ತಿರುವ ಜೋಡಿ ದಾರಿಯಲ್ಲಿ ಕೈಕೊಡುವ ಮುಂಚೆಯೇ ಸಿಕ್ಕಿಬೀಳುತ್ತದೆ. ತಿಪಟೂರಿನ ನುರಿತ ಅಂಗಡಿಯೊಂದರ ಜೊತೆ ದರ ಗೊತ್ತುಮಾಡಿಕೊಂಡು, ಬದಲಿ ಜೋಡಿ ಹತ್ತಿಪ್ಪತ್ತನ್ನು ಚಾರ್ಜಿನಲ್ಲೇ ಇಟ್ಟಿರಬೇಕು, ಏಕೆಂದರೆ ಗೋದಾಮಿನಲ್ಲಿ ಸುಮ್ಮನಿಟ್ಟರೆ ಅವೂ ಸಾಯುತ್ತವೆ. ಹಣ? ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ಮೀಸಲಿಡಬೇಕಾದ ಶೇ 5 ಇದೆಯಲ್ಲ. ವರ್ಷದ ಕೊನೆಗೆ ಖರ್ಚು ತೋರಿಸಲು ಎಲ್ಲರಿಗೂ ಒಂದೇ ಬಗೆಯ ಸಾಮಾನು ಕೊಂಡು ಹಂಚುವ ಬದಲು ಅದರಲ್ಲೊಂದು ಪಾಲನ್ನು ಬ್ಯಾಟರಿಗೆಂದು ಬೇರೆ ಶೀರ್ಷಿಕೆಯಲ್ಲಿ ತೆಗೆದಿಟ್ಟರಾಯಿತು. ಹೊಸ ಕುರ್ಚಿಗಳ ಟೆಂಡರಿನಲ್ಲಿ ಎರಡನೇ ಜೋಡಿ ಬ್ಯಾಟರಿಯ ಬೆಲೆಯನ್ನೂ ಜಿಲ್ಲೆಯೊಳಗೆ ದುರಸ್ತಿ ಮಾಡುವ ಹೊಣೆಯನ್ನೂ ಮೊದಲೇ ಸೇರಿಸಬೇಕು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆ ಗಾಲಿಕುರ್ಚಿಯನ್ನು ಎರವಲಾಗಿ ಕೊಟ್ಟು ದುರಸ್ತಿಯನ್ನು ತಾನೇ ನೋಡಿಕೊಳ್ಳುತ್ತದೆ. ಅಷ್ಟು ದೂರದ ಮಾದರಿಯೂ ಬೇಡ, ನಮ್ಮ ಟಿಸಿಯ ಮಾದರಿಯೇ ಸಾಕು.

ಹಳೇ ಬ್ಯಾಟರಿ ತೋರಿಸಿ ಹೊಸದು ಪಡೆದು ಮಾರಿಕೊಳ್ಳುತ್ತಾರೆ ಎಂಬ ಅನುಮಾನ ಅಧಿಕಾರಿಗಳಿಗೆ ಬಂದೇ ಬರುತ್ತದೆ. ಅದಕ್ಕೆ ಉಪಾಯವಿದೆ: ಸತ್ತ ಜೋಡಿ ಕೊಟ್ಟರೆ ಮಾತ್ರ ಹೊಸ ಜೋಡಿ. ಸೀಸ ಗುಜರಿಯಲ್ಲೂ ಕೆ.ಜಿ. ಲೆಕ್ಕದಲ್ಲಿ ಬೆಲೆ ಬಾಳುವ ಲೋಹ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವುದು ತಯಾರಕರ ಹೊಣೆ. ಅದು ಬೇಲಿ ಬದಿಯಲ್ಲೋ ಕೆರೆ ದಂಡೆಯಲ್ಲೋ ಬಿದ್ದು ಮಣ್ಣಿಗೆ ಸೀಸ ಬೆರೆಯುವುದೂ ಇದರಿಂದ ತಪ್ಪುತ್ತದೆ. ಇನ್ನುಳಿದದ್ದು ಯಾರೂ ಬಾಯಿಬಿಟ್ಟು ಹೇಳದ ಆಕ್ಷೇಪ. ಕುರ್ಚಿ ಹಂಚಿದರೆ ವೇದಿಕೆಯಿದೆ, ಬ್ಯಾಟರಿ ಬದಲಿಸಿದರೆ ಸೀಟಿನ ಕೆಳಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾದರೆ ಬ್ಯಾಟರಿಯ ಮೇಲೂ ನಾಯಕರ ಭಾವಚಿತ್ರದ ಸ್ಟಿಕರ್ ಅಂಟಿಸಲಿ, ತಕರಾರಿಲ್ಲ. ಪಕ್ಕದಲ್ಲಿ ಹಾಕಿದ ತಾರೀಖನ್ನು ಅಳಿಸದ ಮಸಿಯಲ್ಲಿ ಬರೆದಿರಬೇಕು, ಅಷ್ಟೇ. ಸೀಟು ಎತ್ತಿದ ಮೆಕ್ಯಾನಿಕ್ ಮೊದಲು ಹುಡುಕುವುದು ಆ ತಾರೀಖನ್ನೇ.